ಮಾಗಡಿ ಕೆರೆಗೆ ಒಯ್ದ ಕ್ಯಾಮೆರಾ

ಹಳೆಯ ತೊಗಲಿನ ವಾಸನೆ ಬಂದರೆ ಇಂದಿಗೂ ಮಾಗಡಿ ಕೆರೆಯ ಕೆಸರು ಕಣ್ಣಿಗೆ ಕಟ್ಟುತ್ತದೆ.

ರಾಜ್ಯ ಒಂದಾದ ವರ್ಷದ ಚಳಿಗಾಲ. ಪರದೇಶದ ಬಾತುಗಳ ಫೋಟೋ ತೆಗೆಯಲು ಕಾಕಾ ನನ್ನನ್ನೂ ನನ್ನ ತಮ್ಮ ಶೀನನನ್ನೂ ಗದಗಿನಿಂದ ಕರೆದೊಯ್ದಿದ್ದರು. ತೊಗಲಿನ ಚೀಲದ ಕ್ಯಾಮೆರಾ ಶೀನನ ಕೊರಳಿಗೆ ಬಿತ್ತು.

"ನಾ ದೊಡ್ಡಾಕಿ ಅಲ್ಲೇನ್ರಿ ಕಾಕಾ?"

"ಅದಕ್ಕ ರೊಟ್ಟಿ ಗಂಟು ನಿನ್ನ ಕೈಯಾಗ ಐತಿ," ಎಂದು ನಕ್ಕರು. "ಶೀನ್ಯಾ, ಏನರ ಆಗ್ಲಿ, ಕ್ಯಾಮೆರಾಕ್ಕ ನೀರು ತಾಗಬಾರ್ದು ನೋಡು."

ಶೀನ ನನಗೆ ನಾಲಿಗೆ ಚಾಚಿ ನೀರಿನತ್ತ ಓಡಿದ. ಒಣಗಿದಂತೆ ಕಾಣುತ್ತಿದ್ದ ದಂಡೆ ಕುಸಿದು ಸೊಂಟದವರೆಗೆ ಹೂತುಹೋದ. ಬಾತುಗಳು ಒಮ್ಮೆಲೇ ಎದ್ದವು. ಕಾಕಾ ತಲೆಯ ರುಮಾಲು ಬಿಚ್ಚಿ ಎಸೆದರು. ಅದು ಎದುರಿಗೇ ಬಿದ್ದರೂ ಶೀನ ಹಿಡಿಯಲಿಲ್ಲ. ಕ್ಯಾಮೆರಾವನ್ನು ಕೊರಳಿಂದ ತೆಗೆದು ಎರಡೂ ಕೈಯಲ್ಲಿ ಮೇಲೆತ್ತಿದ್ದ.

"ಬಿಡಲೇ ಅದನ್ನ!" ಎಂದು ಕಾಕಾ ಕೂಗಿದರು.

"ನೀರು ತಾಗಬಾರ್ದು ಅಂದೀರಲ್ರಿ!" ಎಂದು ಅತ್ತ. ಕೆಸರು ಎದೆಗೇರಿತ್ತು.

"ಶೀನ್ಯಾ, ನನಗ ಒಗಿ!" ಎಂದು ಚೀರಿದೆ.

ಒಗೆದ. ಲಂಗ ಒಡ್ಡಿ ಹಿಡಿದೆ. ಕೈ ಖಾಲಿಯಾದ ಮೇಲೆ ಅವನು ರುಮಾಲು ಹಿಡಿದ, ಕಾಕಾ ಎಳೆದುಕೊಂಡರು.

ಮರಳುವಾಗ ಕೆಸರು ಮೆತ್ತಿದ ಅವನನ್ನು ಕಾಕಾ ಎದೆಗವಚಿಕೊಂಡು ನಡೆದರು. ಮತ್ತೆ ಮತ್ತೆ ಅವನ ತಲೆ ಸವರುತ್ತಿದ್ದರು. ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ನಾನು ಹಿಂದೆ ಬರುತ್ತಿದ್ದೆ. ಗದಗ ಬರುವವರೆಗೂ ಅದನ್ನು ಯಾರೂ ಕೇಳಲಿಲ್ಲ.