ಉಮರಸಾಬನ ರಕ್ತ

"ಉಮರಸಾಬ ಅವರು ಅದಾರೇನ್ರಿ? ಕೊಪ್ಪಳದ ಆಸ್ಪತ್ರಿ ಲ್ಯಾಬಿನಿಂದ ಮಾತಾಡಾಕತ್ತೀನ್ರಿ. ಆರಾಮ ಅದಾರೋ ಹೆಂಗೋ ಅಂತ ಕೇಳಬೇಕಾಗಿತ್ತು."

ಗಂಡನ ಮೊಬೈಲನ್ನು ಇಮಾಮಬಾನು ಇನ್ನೂ ಚಾರ್ಜು ಹಾಕಿಯೇ ಇಟ್ಟಿದ್ದಳು. "ಅವರು ತೀರಿಕೊಂಡ್ರವ್ವಾ. ನಿಮ್ಮ ಆಸ್ಪತ್ರಿಗೆ ಬಂದು ಹೋದ ದಿನಾನ," ಎಂದಳು. ಫೋನು ಇಡುವ ಮುನ್ನ ಅವಳಿಗೇನೋ ಹೊಳೆಯಿತು. "ಅವತ್ತು ತಗೊಂಡಿದ್ರಲ್ಲ, ಆ ರಕ್ತ ಇನ್ನೂ ಐತೇನ್ರಿ?"

ಮರುದಿನ ಗಂಗಾವತಿಯಿಂದ ಬಸ್ಸು ಹಿಡಿದು ಬಂದಳು. ಫೋನು ಮಾಡಿದ್ದ ಸುರೇಖಾ ಲ್ಯಾಬಿನ ಬಾಗಿಲಲ್ಲೇ ಕಾದಿದ್ದಳು. ಎದೆನೋವೆಂದು ಬಂದವರನ್ನು ಕೇಳಿ, ಸಂಶೋಧನೆಗೆಂದು ಸ್ವಲ್ಪ ರಕ್ತ ಪಡೆಯುತ್ತಿದ್ದವಳು ಅವಳೇ. ಅಂದು ಉಮರಸಾಬನ ಇಸಿಜಿಯಲ್ಲಿ ಏನೂ ಕಂಡಿರಲಿಲ್ಲ, ಮೊದಲ ರಕ್ತಪರೀಕ್ಷೆಯಲ್ಲೂ ಇಲ್ಲ. ಇನ್ನೊಂದು ಪರೀಕ್ಷೆ ಆಗುವ ತನಕ ಇರಿ ಎಂದು ಡಾಕ್ಟರು ಎಷ್ಟು ಹೇಳಿದರೂ ಅವನು ಕೇಳಲಿಲ್ಲ. ಗ್ಯಾಸು ಎಂದು ನಕ್ಕುಬಿಟ್ಟ. ಬಸ್‌ಸ್ಟ್ಯಾಂಡಿನ ಎದುರು ಹೆಂಡತಿಯನ್ನು ಕೂರಿಸಿ ಮಿರ್ಚಿ ಮಂಡಕ್ಕಿ ತಿನ್ನಿಸಿದ. ಸಂಜೆ ಮನೆಯ ಹೊಸ್ತಿಲು ದಾಟುವಾಗ ಕುಸಿದ.

"ಆ ರಕ್ತದಾಗ ಏನರ ಇತ್ತೇನ್ರಿ?" ಇಮಾಮಬಾನು ನೇರ ಕೇಳಿದಳು.

ಹೇಳಲೋ ಬೇಡವೋ ಎಂಬ ಅಳುಕು ಸುರೇಖಾಳ ಮುಖದಲ್ಲೇ ಕಾಣುತ್ತಿತ್ತು. "ಹೃದಯಕ್ಕ ಪೆಟ್ಟು ಬಿದ್ರ ಅಲ್ಲಿಂದ ರಕ್ತಕ್ಕ ಭಾಳ ಸಣ್ಣ ಕಣ ಇಳೀತಾವ್ರಿ. ಮೈಕ್ರೋ ಆರ್‌ಎನ್‌ಎ ಅಂತೀವಿ. ಬ್ಯಾರೆ ಪರೀಕ್ಷಾದಾಗ ಕಾಣೂಕಿಂತ ಮೊದ್ಲ ಇವು ಕಾಣ್ತಾವೇನು ಅಂತ ನೋಡಾಕತ್ತೀವಿ. ಅವರ ರಕ್ತದಾಗ ಹೆಚ್ಚ ಇದ್ವು. ನಾವು ನೋಡಿದ್ದು ಎಷ್ಟೋ ತಿಂಗಳ ಮ್ಯಾಲೆ."

"ಅಂದ್ರ ಅವರ ರಕ್ತ ಅವತ್ತ ಹೇಳಿತ್ತು."

"ಹೇಳಿತ್ತೋ ಏನೋ ಅಮ್ಮಾ. ಅದರ ಮಾತು ನಮಗಿನ್ನೂ ಪೂರಾ ತಿಳಿಯಾಂಗಿಲ್ಲ."

ಇಮಾಮಬಾನು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. "ಮಿರ್ಚಿ ತಿನ್ನುವಾಗ ಭಾಳ ನಗಿಸಿದ್ರು ನನ್ನ. ತಾವೂ ನಕ್ರು. ಆ ನಗು ಖರೇ ಇತ್ತೋ, ನೋವು ನುಂಗಿ ನಕ್ರೋ? ಅದೂ ಗೊತ್ತಾಗತೈತೇನ್ರಿ ಇದರಾಗ?"

"ಅದು ಗೊತ್ತಾಗಂಗಿಲ್ಲರಿ," ಎಂದಳು ಸುರೇಖಾ, ಮೆಲ್ಲಗೆ.

ಉಮರಸಾಬನ ರಕ್ತ ಇಟ್ಟಿದ್ದ ಫ್ರೀಜರಿನ ಬಾಗಿಲು ತೆರೆದಾಗ ಬಿಳಿ ಹೊಗೆ ಕಾಲಮೇಲೆ ಇಳಿಯಿತು. ಹಿಮ ಹಿಡಿದ ಒಂದು ಪುಟ್ಟ ಟ್ಯೂಬು ಹೊರಬಂತು. ಸುರೇಖಾ ಉಗುರಿನಿಂದ ಹಿಮ ಕೆರೆದು ತೋರಿಸಿದಳು. ಒಳಗಿದ್ದದ್ದು ಒಣಹುಲ್ಲಿನ ಬಣ್ಣ.

"ಕೆಂಪ ಇಲ್ಲಲ್ಲರಿ?"

"ಕೆಂಪು ತಗದು, ಮ್ಯಾಲಿನ ತಿಳಿ ಅಷ್ಟ ಇಡ್ತೀವ್ರಿ."

"ಹಿಡಕೊಳ್ಳಲೇನು?"

"ಒಂದ ಕ್ಷಣರಿ. ಕರಗಿದ್ರ ಒಳಗಿಂದು ಹಾಳಾಗತೈತಿ."

ಟ್ಯೂಬು ಬಿದ್ದ ಅಂಗೈ ಚುರ್ರೆಂದಿತು. ಮುಷ್ಟಿ ತಾನಾಗಿ ಮುಚ್ಚಿಕೊಂಡಿತು. ಅಕ್ಕಿ ಮಿಲ್ಲಿನ ರಾತ್ರಿಪಾಳಿ ಮುಗಿಸಿ ಉಮರಸಾಬ ಚಳಿಯಲ್ಲಿ ಸೈಕಲ್ ತುಳಿದು ಬಂದಾಗ ಅವನ ಕೈಗಳನ್ನು ಹೀಗೇ ತನ್ನ ಕೈಯೊಳಗೆ ಎಳೆದುಕೊಂಡು, ಬಿಸಿಯಾಗುವ ತನಕ ಅವಳು ಬಿಡುತ್ತಿರಲಿಲ್ಲ. ಸುರೇಖಾ ಕೈ ಚಾಚಿದಳು, ಆದರೆ ಕೊಡಿ ಎನ್ನಲು ಬಾಯಿ ಬರಲಿಲ್ಲ.

"ಇದನ್ನ ಇನ್ನೂ ಏನರ ಕೇಳೂದೈತೇನ್ರಿ ನಿಮಗ?"

"ಐತ್ರಿ. ಭಾಳ ಐತಿ."

ಇಮಾಮಬಾನು ಮುಷ್ಟಿ ಬಿಚ್ಚಿದಳು. "ಹಂಗಾರ ತಗೋರಿ, ಲಗೂನ ಒಳಗಿಡ್ರಿ. ನನ್ನ ಕೈ ಭಾಳ ಬಿಸಿ."

ಫ್ರೀಜರಿನ ಬಾಗಿಲು ಮುಚ್ಚಿತು. ಹಿಮ ಕರಗಿ ಅಂಗೈ ಒದ್ದೆಯಾಗಿತ್ತು. ಸುರೇಖಾ ಒರೆಸಿಕೊಳ್ಳಲು ಕಾಗದ ಕೊಟ್ಟಳು. ಇಮಾಮಬಾನು ಅದನ್ನು ತೆಗೆದುಕೊಳ್ಳಲಿಲ್ಲ. ತಣ್ಣನೆಯ ಅಂಗೈಯನ್ನು ಕೆನ್ನೆಗೆ ಒತ್ತಿಕೊಂಡು, ಅದು ಆರುವ ತನಕ ಅಲ್ಲೇ ನಿಂತಳು.