ಮಂಕರಿಯೊಳಗಿನ ಕನ್ನಡಕ

"ಓದು ತಾಯಿ, ಕನ್ನಡಕ ಇಲ್ಲದೆ ಓದು. ಜನ ನೋಡಲಿ," ಎಂದು ಪ್ರವಾದಿ ಬೈಬಲ್ಲನ್ನು ಚಿಕ್ಕನಿಂಗಮ್ಮನ ಕೈಗಿಟ್ಟ. ಗುಂಡ್ಲುಪೇಟೆಯಲ್ಲಿ ಹಾಕಿದ್ದ ಆ ದೊಡ್ಡ ಚಪ್ಪರದಲ್ಲಿ ಜನ ಕತ್ತು ಚಾಚಿದರು.

ಹೋದ ತಿಂಗಳು ಹರವೆಯಲ್ಲೂ ಹೀಗೇ ಓದಿಸಿದ್ದ. ಎಲ್ಲಿಂದಲೋ ಬಂದು ತನ್ನನ್ನು ಪ್ರವಾದಿ ಎಂದು ಕರೆದುಕೊಂಡವನು, ಆಸ್ಪತ್ರೆಗೆ ಹೋಗುವವರಿಗೆ ಯೇಸುವಿನಲ್ಲಿ ನಂಬಿಕೆಯಿಲ್ಲ ಎಂದು ಸಾರುತ್ತಿದ್ದ. ಅವಳ ಕನ್ನಡಕವನ್ನು ತಾನೇ ಕಿತ್ತು, ಜನ ಬಿಟ್ಟ ಔಷಧಿ, ಊರುಗೋಲು ತುಂಬಿಸಿ ಊರೂರಿಗೆ ಒಯ್ಯುತ್ತಿದ್ದ ಬಿದಿರಿನ ಮಂಕರಿಗೆ ಹಾಕಿದ್ದ. ಅವಳೂ ಮನಸಾರೆ ನಂಬಿದ್ದಳು. ಪುಸ್ತಕ ತೆರೆದರೆ ಕಂಡದ್ದು ಬರೀ ಇರುವೆ ಸಾಲು. ಅಷ್ಟು ಜನ ಕಾದು ಕೂತಿದ್ದರಲ್ಲ, ಬಾಯಿಗೆ ಬರುತ್ತಿದ್ದ ಕೀರ್ತನೆಯೊಂದನ್ನು ಒಪ್ಪಿಸಿಬಿಟ್ಟಳು. ಅವಳಿಗೆ ಕಣ್ಣು ಬಂತೆಂದು ಜನ ಅತ್ತರು. ಅಂದಿನಿಂದ ಮುಖ ತೋರಿಸಲಾಗದೆ ತನ್ನೂರಿನ ಹೆಂಚಿನ ಚರ್ಚಿನ ಕಡೆ ಅವಳು ತಲೆ ಹಾಕಿರಲಿಲ್ಲ. ನಡುವಯಸ್ಸಿನಲ್ಲಿ ಹಟ ಹಿಡಿದು ಅಕ್ಷರ ಕಲಿತು, ಆ ಚರ್ಚಿನಲ್ಲಿ ಎದ್ದು ನಿಂತು ವಾಕ್ಯ ಓದಿದ ಮೊದಲ ಹೆಂಗಸು ಅವಳು.

ಈಗಲೂ ಅದೇ ಇರುವೆ ಸಾಲು. ದೂರದ್ದು ಮಾತ್ರ ಚೆನ್ನಾಗಿ ಕಾಣುತ್ತಿತ್ತು. ಎದುರಿಗೇ ಪಕ್ಕದ ಮನೆಯ ಸುಂದ್ರಮ್ಮ, ಕೆಮ್ಮುವ ಮಗಳು ಸಾರಮ್ಮನನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಬೆಳಿಗ್ಗೆ ಬಸ್ಸಿನಲ್ಲಿ ಅವಳೇ ಹೇಳಿದ್ದಳು: "ನಿನ್ ಕಣ್ಣು ನೋಡಿ ನಂಗೂ ನಂಬ್ಕೆ ಬಂತು ಕಣಕ್ಕ. ಮಗಿ ಔಸ್ದಿ ನಿಲ್ಸ್‌ಬುಟ್ಟೆ." ಈಗಷ್ಟೇ ಮಿಷನ್ ಆಸ್ಪತ್ರೆಯ ಸೀಸೆಯನ್ನು ವೇದಿಕೆಯ ಪಕ್ಕದ ಅದೇ ಮಂಕರಿಗೆ ಹಾಕಿಬಂದಿದ್ದಳು. ತನ್ನ ಸುಳ್ಳು ಆ ಮಗುವಿನ ಎದೆಗೇ ಹೋಗಿ ಕೂತಂತೆ ಚಿಕ್ಕನಿಂಗಮ್ಮನಿಗೆ ದಿಗಿಲಾಯಿತು.

ಅವಳು ಪುಸ್ತಕ ಮುಚ್ಚಿದಳು. "ನಂಗೆ ಒಂದಕ್ಸರಾನೂ ಕಾಣಕಿಲ್ಲ. ಅವತ್ತೂ ಕಂಡಿರ್ನಿಲ್ಲ. ಬಾಯ್ಪಾಠ ಹೇಳ್ಬುಟ್ಟೆ."

ಪ್ರವಾದಿ ನಗುತ್ತಲೇ ಹತ್ತಿರ ಬಂದು, ಇದು ಸೈತಾನನ ಕೆಲಸ, ನಿನ್ನ ನಂಬಿಕೆ ಸಡಿಲವಾಗಿದೆ, ಕಣ್ಣು ಮುಚ್ಚಿ ಪ್ರಾರ್ಥನೆ ಮಾಡು ಎಂದ.

"ನಂಬ್ಕೆ ಗಟ್ಟಿಯಾಗೇ ಅದೆ ಅಯ್ನೋರೆ, ಯೇಸುಸ್ವಾಮಿ ಮ್ಯಾಲೆ," ಎಂದಳು ಚಿಕ್ಕನಿಂಗಮ್ಮ. "ಆತನ ಹೆಸರಲ್ಲಿ ಇನ್ನು ಸುಳ್ಳು ಹೇಳಕಿಲ್ಲ. ಭಾನ್ವಾರ ನಮ್ ಚರ್ಚಿಗೋಗಿ ಎಲ್ರ ಮುಂದೂ ಇದ್ನೇ ಹೇಳ್ತೀನಿ."

ಅಷ್ಟು ಜನರೆದುರು ತಪ್ಪೊಪ್ಪಿಕೊಂಡವಳ ತಲೆ ತಗ್ಗಬೇಕಿತ್ತು. ತಗ್ಗಲಿಲ್ಲ. ಸೆರಗು ಸಿಕ್ಕಿಸಿಕೊಂಡು ವೇದಿಕೆಯಿಂದ ಇಳಿದು ನೇರ ಮಂಕರಿಯ ಮುಂದೆ ಕೂತಳು. ಸೀಸೆ, ಊರುಗೋಲು, ಪಟ್ಟಿ ಬಟ್ಟೆಗಳ ನಡುವೆ ಕೈಯಾಡಿಸಿ, ಕಪ್ಪು ದಾರ ಸುತ್ತಿದ ತನ್ನ ಕನ್ನಡಕವನ್ನು ಹುಡುಕಿ ತೆಗೆದು, ಒರೆಸಿ ಹಾಕಿಕೊಂಡಳು. ಅವಳನ್ನು ಎಬ್ಬಿಸಿ ಎಂದು ಪ್ರವಾದಿ ಕೂಗಿದ. ಯಾರೂ ಮೇಲೇಳಲಿಲ್ಲ. ಅವಳು ಒಂದೊಂದೇ ಸೀಸೆ ಎತ್ತಿ ಅದಕ್ಕಂಟಿಸಿದ್ದ ಚೀಟಿ ನೋಡುತ್ತ ಹೋದಳು. ಬೇಕಾದದ್ದು ಸಿಕ್ಕಿದಾಗ ಎದ್ದು ನಿಂತು, ಚರ್ಚಿನಲ್ಲಿ ವಾಕ್ಯ ಓದುವ ಅದೇ ದನಿಯಲ್ಲಿ, ಚಪ್ಪರದ ಕೊನೆಗೂ ಕೇಳುವಂತೆ ಓದಿದಳು:

"ಸಾರಮ್ಮ. ದಿನಕ್ಕೆ ಮೂರು ಸಾರಿ. ಊಟವಾದ ಮೇಲೆ."

ಸುಂದ್ರಮ್ಮ ಮಗಳನ್ನು ಸೊಂಟಕ್ಕೇರಿಸಿಕೊಂಡು ಬಂದು ಸೀಸೆಗೆ ಕೈಚಾಚಿದಳು. ಚಿಕ್ಕನಿಂಗಮ್ಮ ಓದಿ ಮುಗಿಸಿದಾಗಲೆಲ್ಲ ಚರ್ಚಿನಲ್ಲಿ ಹೇಳಿ ಅಭ್ಯಾಸವಾಗಿದ್ದ ಮಾತು ಸುಂದ್ರಮ್ಮನ ಬಾಯಿಂದ ತಾನಾಗಿ ಬಂತು.

"ಆಮೆನ್."