ಗಾಡಿ ಮೇಲೆ ಕುಳಿತ ಅವ್ವ

ಮೋಟರ್‌ಸೈಕಲ್ ಮೇಲಿನ ಪ್ರೀತಿ ವೇಗದಿಂದ ಹುಟ್ಟುತ್ತದೆ ಎಂದು ಗೆಳೆಯರು ವಾದಿಸುತ್ತಾರೆ. ದಣಿದು ಮನೆಗೆ ಹೊರಟಾಗ ಬಿಸಿಲಿಗೆ ಕಾದ ಸೀಟಿನ ವಾಸನೆ ಮೂಗಿಗೆ ಬಡಿದರೆ ಸಾಕು, ನನಗೆ ಆ ವಾದ ಸುಳ್ಳೆನಿಸುತ್ತದೆ.

ನಾನು ಚಿಕ್ಕವಳಿದ್ದಾಗ ಒಂದು ದಿನ ಲಕ್ಷ್ಮೇಶ್ವರದಲ್ಲಿ ಅತ್ತೆಯ ಬಸುರಿ ಮಗಳ ಕುಬಸದ ಊಟ ಮುಗಿಸಿ ಅಪ್ಪನ ಗಾಡಿಯಲ್ಲಿ ಶಿರಹಟ್ಟಿಗೆ ಮರಳುತ್ತಿದ್ದೆವು. ಟ್ಯಾಂಕಿನ ಮೇಲೆ ನಾನು, ನಡುವೆ ಅಪ್ಪ, ಹಿಂದೆ ಅವ್ವ. ನಸುಕಿನಿಂದ ಹೋಳಿಗೆ ಮಾಡಿ ಬಡಿಸಿದ ಅವ್ವ ಆ ದಿನ ಮೊದಲ ಸಲ ಕುಳಿತದ್ದೇ ಆಗ.

"ಮಾಗಡಿ ಕೆರಿ ಮ್ಯಾಲಿಂದ ಹೋಗೂಣೇನ್ರಿ?" ಎಂದಳು.

"ಸುತ್ತ ಆಕ್ಕೈತಿ. ಮನ್ಯಾಗ ನಮ್ಮವ್ವ ಚಹಾಕ್ಕ ದಾರಿ ಕಾಯಾಕತ್ತಿರ್ತಾಳ" ಎಂದ ಅಪ್ಪ.

ನಾನು ಸುಮ್ಮನಿರುವ ಹುಡುಗಿಯಲ್ಲ. "ಅಪ್ಪಾ, ಹಕ್ಕಿ ಪರದೇಶದಿಂದ ಬಂದಾವಂತ. ನಮಗ ಇಲ್ಲಿಂದ ಹೋಗಾಕ ಆಗಂಗಿಲ್ಲೇನು?"

"ಮನ್ಯಾಗ ವಕೀಲವ್ವ ಹುಟ್ಟ್ಯಾಳ ನೋಡ!" ಎಂದು ನಕ್ಕು ಅಪ್ಪ ಗಾಡಿ ಹೊರಳಿಸಿದ.

ಕೆರೆಯಲ್ಲಿ ಹಕ್ಕಿ ನೋಡಿದೆನೋ ಇಲ್ಲವೋ ನೆನಪಿಲ್ಲ. ಗಾಡಿಯ ಕನ್ನಡಿಯಲ್ಲಿ ಅವ್ವ ಕಂಡಳು. ಕಣ್ಣು ಮುಚ್ಚಿ ಅಪ್ಪನ ಬೆನ್ನಿಗೆ ಕೆನ್ನೆ ಆನಿಸಿದ್ದಳು. ನೀರು ತಾ, ತುಪ್ಪ ತಾ ಎಂದು ಎಬ್ಬಿಸುವವರು ಅಲ್ಲಿ ಯಾರೂ ಇರಲಿಲ್ಲ. ಇಂಜಿನ್ನಿನ ಗುಡುಗುಡು ನನ್ನ ತೊಡೆಯೊಳಗೆ ಹರಿಯುತ್ತಿತ್ತು. ಈ ಗಾಡಿ ನಿಲ್ಲಲೇಬಾರದು ಎನಿಸಿತು.

ಮನೆ ಬಂತು. ಅಪ್ಪ ಕೀಲಿಗೆ ಕೈ ಹಾಕುವಷ್ಟರಲ್ಲಿ ಒಳಗಿನಿಂದ ಅಜ್ಜಿ, "ಬಂದೇನವಾ? ಜಲ್ದಿ ಚಹಾ ಇಡು" ಎಂದು ಕೂಗಿದಳು.

ಅವ್ವ ಇಳಿಯಲಿಲ್ಲ. "ಒಂದೀಟು ಚಾಲೂನ ಇರ್ಲಿ ರೀ" ಎಂದಳು.

ಅಪ್ಪ ಹೊರಳಿ ಅವಳ ಮುಖ ನೋಡಿದ. ನಿಂತಲ್ಲೇ ಆಕ್ಸಿಲರೇಟರ್ ಜೋರಾಗಿ ತಿರುವಿದ. ಅಜ್ಜಿಯ ಎರಡನೇ ಕೂಗು ನಮಗ್ಯಾರಿಗೂ ಕೇಳಿಸಲಿಲ್ಲ.